ಐದು ಗಂಟೆಯ ಥಾಲಿಪೀಠ

ಸಾವಿತ್ರೀಬಾಯಿಯವರಿಗೆ ಸಿಟ್ಟು ಬರುವ ಮೊದಲು ಬಹುವಚನ ಬರುತ್ತದೆ. ಪ್ರೀತಿಯ ಹೊತ್ತಿನಲ್ಲಿ ಮಗನನ್ನು 'ಸುಮ್ಯಾ' ಎಂದು ಕರೆಯುವ ಅದೇ ಬಾಯಿ, ಕೋಪ ಅಂಕುರಿಸಿದ ಕ್ಷಣದಲ್ಲಿ 'ಸುಮಂತರಾಯರೇ, ತಾವು ಜರಾ ಇಲ್ಲಿ ದಯಮಾಡಿಸ್ರಿ' ಎನ್ನುತ್ತದೆ. ಮುದ್ದಿನ ಮೊಮ್ಮಗಳು 'ಪ್ರೇರಣಾಬಾಯಿಯವರು' ಆಗಿಬಿಡುತ್ತಾಳೆ. ಮನೆಯ ಮುಂದೆ ಕಸ ಚೆಲ್ಲಿ ಹೋದ ಅಪರಿಚಿತನಿಗೆ 'ಮಹಾರಾಜರು' ಎಂಬ ಪದವಿ ದೊರೆಯುತ್ತದೆ. ಕಲಬುರಗಿಯ ಬ್ರಹ್ಮಪುರದ ಆ ಓಣಿಯಲ್ಲಿ ಬಹುಕಾಲದಿಂದ ಇರುವವರು ಇದನ್ನು ಬಲ್ಲರು. ಈ ಹೆಂಗಸು ತಮಗೆ ಅಗತ್ಯಕ್ಕಿಂತ ಹೆಚ್ಚು ಗೌರವ ಕೊಡತೊಡಗಿದರೆಂದರೆ, ಕೈಯಲ್ಲಿದ್ದ ಕೆಲಸ ಬಿಟ್ಟು, ತಾವು ಮಾಡಿದ ತಪ್ಪು ಏನಿರಬಹುದೆಂದು ಹುಡುಕಿಕೊಳ್ಳುತ್ತಾರೆ.

ಅರವತ್ತೆಂಟರ ವಯಸ್ಸು, ಕುಳ್ಳನೆಯ ಕೃಶ ದೇಹ. ನಡಿಗೆ ಮಾತ್ರ ಇಂದಿಗೂ ಬಸ್ಸು ತಪ್ಪೀತೆಂಬ ಆತಂಕದ್ದು: ಮುಂಡ ಮುಂದಕ್ಕೆ ಬಾಗಿ, ಹಿಮ್ಮಡಿ ನೆಲಕ್ಕೆ ಬಡಿದು, ಬಗಲಿನ ಚೀಲ ಬೆನ್ನಿಗೆ ತಾಳ ಹಾಕುತ್ತಿರುತ್ತದೆ. ಇಪ್ಪತ್ತಾರು ವರ್ಷ ಅವರು ದಿನವೂ ಕಲಬುರಗಿಯಿಂದ ಕಮಲಾಪುರಕ್ಕೆ ಹೋಗಿ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿ ಬಂದವರು. ಕಡೆಯ ಎಂಟು ವರ್ಷ ಮುಖ್ಯೋಪಾಧ್ಯಾಯಿನಿ. ಚಳಿಗಾಲದಲ್ಲಿ ಸೀರೆಯ ಮೇಲೆ ದಿವಂಗತ ಪತಿ ಹಣಮಂತರಾಯರ ಕಂದು ಬಣ್ಣದ ಉಣ್ಣೆಯ ಕೋಟು ಧರಿಸುತ್ತಾರೆ. ತೋಳು ಎರಡು ಮಡಿಕೆ ಹಾಕಿದರೂ ಬೆರಳ ತುದಿಯವರೆಗೆ ಇಳಿಯುತ್ತದೆ. ಹೆಂಗಸಿನ ಮೈಮೇಲೆ ಗಂಡಸಿನ ಕೋಟೇಕೆಂದು ಯಾರೋ ನಕ್ಕಾಗ, 'ಚಳಿ ಗಂಡಸು ಹೆಂಗಸು ಅಂತ ನೋಡಿ ಬರ್ತದೇನ್ರಿ?' ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರಂತೆ.

ಅವರ ಕೋಪದ ಕಥೆಗಳು ಕಮಲಾಪುರದಲ್ಲಿ ಇಂದಿಗೂ ಚಾಲ್ತಿಯಲ್ಲಿವೆ. ಒಮ್ಮೆ ಮಧ್ಯಾಹ್ನದ ಬಿಸಿಯೂಟಕ್ಕೆ ಹುಳ ಬಿದ್ದ ತೊಗರಿಬೇಳೆ ಬಂತು. ಎತ್ತ ನೋಡಿದರೂ ತೊಗರಿಯೇ ಬೆಳೆಯುವ ನಾಡಿನಲ್ಲಿ ಮಕ್ಕಳ ಪಾಲಿಗೆ ಹುಳದ ಬೇಳೆ ಬಂದದ್ದು ಅವರಿಗೆ ಸಹನವಾಗಲಿಲ್ಲ. ಅರ್ಜಿ ಬರೆಯಲಿಲ್ಲ. ಅಡುಗೆಯ ಬಂಡೆಮ್ಮನಿಂದ ಅದೇ ಬೇಳೆಯನ್ನು ಹುಳದ ಸಮೇತ ಬೇಯಿಸಿ, ಒಗ್ಗರಣೆ ಕೊಡಿಸಿ, ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ ಸಂಬಂಧಪಟ್ಟ ಅಧಿಕಾರಿಯ ಮೇಜಿನ ಮೇಲೆ ಇಟ್ಟರು. ತಟ್ಟೆ, ಚಮಚವನ್ನೂ ಇಟ್ಟರು. 'ಸಾಹೇಬರು ಊಟಾ ಮಾಡಬೇಕು. ನಾವು ಕಾಯ್ತೀವಿ' ಎಂದು ಎದುರಿನ ಕುರ್ಚಿಯಲ್ಲಿ ಕುಳಿತರು. ಮೂರನೆಯ ದಿನ ಹೊಸ ಬೇಳೆ ಬಂತು.

ಇಂಥ ಸಾವಿತ್ರೀಬಾಯಿಯವರು ಕಳೆದ ಜನವರಿಯಲ್ಲಿ ಮೊಮ್ಮಗಳ ಏಳನೆಯ ಹುಟ್ಟುಹಬ್ಬದ ತಿನಿಸಿನ ಜವಾಬ್ದಾರಿ ವಹಿಸಿಕೊಂಡರು. ಬ್ಯಾಂಕಿನಲ್ಲಿರುವ ಸುಮಂತ, ಕಾಲೇಜಿನಲ್ಲಿ ಪಾಠ ಹೇಳುವ ಸೊಸೆ ಪದ್ಮಜಾ ಇಬ್ಬರೂ ಆ ವರ್ಷ ಪಾರ್ಟಿ ಹಾಲ್, ಹೋಟೆಲಿನ ಆಡಂಬರ ಬೇಡ, ಮನೆಯಲ್ಲೇ ಸರಳವಾಗಿ ಮಾಡೋಣವೆಂದಿದ್ದರು. ಅತ್ತೆಗೆ ಅದು ಅಮೃತವಾಕ್ಯವಾಗಿ ಕೇಳಿಸಿತು. ಅಂದೇ ಅಡುಗೆಮನೆಯ ಮಣೆಯ ಮೇಲೆ ಕುಳಿತು, ಕೋಟಿನ ಜೇಬಿನ ಕೆಂಪು ಪೆನ್ನು ತೆಗೆದು ಯಾದಿ ಬರೆದರು: ಜೋಳದ ಹಿಟ್ಟಿನ ಸಣ್ಣ ಸಣ್ಣ ಥಾಲಿಪೀಠ, ಮೇಲೆ ಬೆಣ್ಣೆ, ಹೆಸರುಕಾಳಿನ ಉಸಳಿ, ತಿಳಿ ಮಜ್ಜಿಗೆ, ಕಮಲಾಪುರದ ಕೆಂಪು ಬಾಳೆಹಣ್ಣು, ತಲೆಗೆ ಅರ್ಧ. ಕೇಕು ಮಾತ್ರ ಹೊರಗಿನದು, ಅದೂ ಮೊಮ್ಮಗಳ ಹಟಕ್ಕೆ.

ಎಷ್ಟು ಥಾಲಿಪೀಠ ತಟ್ಟಬೇಕೆಂದು ತಿಳಿಯಲು ಪದ್ಮಜಾ ಬರೆದಿಟ್ಟ ಮಕ್ಕಳ ಹೆಸರುಗಳನ್ನು ಓದೆಂದು ಪ್ರೇರಣಾಳಿಗೆ ಹೇಳಿದರು. ಮಗು ಹತ್ತೊಂಬತ್ತು ಹೆಸರು ಓದಿ, ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿತು.

'ಅಜ್ಜಿ, ಇದರಾಗ ಅರ್ಶಿಯಾ ಇಲ್ಲ. ಆಕಿ ನನ್ನ ಬಾಜೂಕ ಕೂಡ್ತಾಳ.'

ಪದ್ಮಜಾ ಮಗಳನ್ನು ಹೊರಗೆ ಆಡಲು ಕಳಿಸಿ, ದನಿ ತಗ್ಗಿಸಿದಳು. 'ಅತ್ಯಾ, ಆ ಹುಡುಗಿಗೆ ಸಕ್ಕರಿ ಕಾಯಿಲೆ ಅದರೀ. ಸಣ್ಣ ಮಕ್ಕಳಿಗೂ ಬರ್ತದಂತ. ದಿನಾ ಇಂಜೆಕ್ಷನ್ ಬೇಕು. ಹೋದ ವರ್ಷ ಒಬ್ಬರ ಬರ್ಥ್‌ಡೇಕ್ಕ ಹೋದಾಗ ಎಲ್ಲಾರ ಮುಂದ ಬೆವತು ಬಿದ್ದುಬಿಟ್ಲಂತ. ಅವತ್ತಿನಿಂದ ತಾಯಂದಿರ ಗ್ರೂಪಿನ್ಯಾಗ ಮಾತಾಡಿಕೊಂಡಾರ, ಆಕಿನ್ನ ಯಾರೂ ಕರೀಬಾರದು ಅಂತ. ಏನರ ಆದ್ರ ಯಾರು ಜವಾಬ್ದಾರಿ? ಆಕಿ ಒಳ್ಳೇದಕ್ಕನ.'

'ಆಕಿ ಒಳ್ಳೇದಕ್ಕ,' ಎಂದು ಸಾವಿತ್ರೀಬಾಯಿ ಮೆಲ್ಲಗೆ ಪುನರುಚ್ಚರಿಸಿದರು. ಪೆನ್ನಿನ ಮುಚ್ಚಳ ಹಾಕಿದರು. 'ಎಷ್ಟು ಹುಟ್ಟುಹಬ್ಬ ಆದುವು, ಆಕಿನ್ನ ಬಿಟ್ಟು?'

'ನಾಕೈದು ಇರಬಹುದು.'

'ಏಳು ವರ್ಷದ ಮಗೀನ್ನ ನಾಕೈದು ಸಲ ಬಾಗಿಲ ಹೊರಗ ನಿಂದ್ರಿಸಿ, ಅದರ ಒಳ್ಳೇದಕ್ಕ ಅಂತ ಹೇಳೋದು ತಾವು ಯಾವ ಸಾಲ್ಯಾಗ ಕಲ್ತೀರಿ, ಪದ್ಮಜಾಬಾಯಿಯವರೇ?'

ಬಹುವಚನ ಬಂದಿತ್ತು. ಪದ್ಮಜಾ ಕೆಂಪಾದಳು. ಅವಳೇನು ಕಟುಕಿಯಲ್ಲ, ಹೆದರಿದವಳು, ಹತ್ತು ಜನ ಒಪ್ಪಿದ್ದನ್ನು ಒಪ್ಪಿದರೆ ಹೆದರಿಕೆಗೆ ಹೊಣೆ ಇರುವುದಿಲ್ಲವೆಂದು ನಂಬಿದವಳು. ಅರ್ಶಿಯಾ ಎಲ್ಲಿಯವಳೆಂದು ಅತ್ತೆ ಕೇಳಿದಾಗ, ಕಮಲಾಪುರದಿಂದ ಶಾಲೆಯ ಬಸ್ಸಿನಲ್ಲಿ ಬರುತ್ತಾಳೆ, ತಂದೆಯ ಹೆಸರು ಪರ್ವೇಜ್, ಬಾಳೆಯ ತೋಟವಿದೆ ಎಂದಳು. ಸಾವಿತ್ರೀಬಾಯಿ ಎದ್ದುನಿಂತರು. ಪರ್ವೇಜ್ ಒಂದು ಕಾಲಕ್ಕೆ ಅವರದೇ ವಿದ್ಯಾರ್ಥಿ. ಭಾಗಾಕಾರದಲ್ಲಿ ಶೇಷ ಉಳಿದರೆ ಅಳುತ್ತಿದ್ದ ಹುಡುಗ.

ಮರುದಿನ ಶನಿವಾರ. ಕೋಟು ತೊಟ್ಟು ಹುಮನಾಬಾದ ಕಡೆಯ ಬಸ್ಸು ಹತ್ತಿ, ದಾರಿಯುದ್ದಕ್ಕೂ ಆ ಅಜ್ಞಾತ ತಾಯಂದಿರೊಡನೆ ಮನಸ್ಸಿನಲ್ಲೇ ವಾದ ಮಾಡುತ್ತ, ಒಂದೊಂದೇ ಮಾತನ್ನು ಮಸೆದು ಹರಿತಗೊಳಿಸುತ್ತ ಕಮಲಾಪುರ ತಲುಪಿದರು. ಪರ್ವೇಜನ ಮನೆ ಹುಡುಕಬೇಕಾಗಿರಲಿಲ್ಲ. ಅದು ಶಾಲೆಯ ಎದುರಿಗೇ ಇತ್ತು. ಅವನ ತಾಯಿ ಜೈನಾಬಿ ಅಂಗಳದ ಬಿಸಿಲಿನಲ್ಲಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನೋಡಿದ ಕೂಡಲೇ ಎದ್ದು, 'ಅರೇ, ಬಾಯೋರು! ಕೂಡ್ರಿ, ಕೂಡ್ರಿ' ಎಂದು ಕಬ್ಬಿಣದ ಕುರ್ಚಿ ಸರಿಸಿದಳು. ಸಂಜೆಯ ಬಸ್ಸಿಗೆ ಕಾಯುತ್ತ ಸಾವಿತ್ರೀಬಾಯಿ ಇಪ್ಪತ್ತಾರು ವರ್ಷ ಕುಳಿತದ್ದು ಅದೇ ಅಂಗಳದಲ್ಲಿ.

ಕುಳಿತವರೇ ಆರಂಭಿಸಿದರು. ನಗರದ ವಿದ್ಯಾವಂತರ ಹೃದಯಶೂನ್ಯತೆ, ತಾಯಂದಿರ ಮೂಢತೆ, ಕೂಸಿನೊಂದಿಗೂ ಪಂಕ್ತಿಭೇದ ಮಾಡುವ ನೀಚತನ. 'ಒಂದು ಮಗೀನ್ನ ಊಟದ ಹೊತ್ತಿಗೆ ದೂರ ಇಡ್ತಾರಂದ್ರ ಅವರು ಮನುಷ್ಯಾರೇನು, ಜೈನಾಬಿ?'

ಜೈನಾಬಿಯ ಬೆರಳು ಮೊರದಲ್ಲಿ ಒಂದು ಕಲ್ಲನ್ನು ಹುಡುಕಿ ಹೊರಗೆಸೆಯಿತು. ಅವಳು ತಲೆ ಎತ್ತಲಿಲ್ಲ. ದನಿಯಲ್ಲಿ ಆಕ್ಷೇಪವೂ ಇರಲಿಲ್ಲ.

'ನೀವು ಹೇಳೋದು ಖರೇ ಅದರಿ, ಬಾಯೋರೆ. ಆದ್ರ ನಾ ಒಂದು ಮಾತು ಹೇಳ್ಲಾ? ನೀವು ಇಲ್ಲೇ ಕೂಡ್ತಿದ್ರಿ. ದಿನಾ ನಾ ಚಹಾ ಮಾಡ್ತಿದ್ದೆ. ಒಂದಿನ ಏಕಾದಶಿ ಅಂತಿದ್ರಿ, ಒಂದಿನ ಗುರುವಾರ ಅಂತಿದ್ರಿ, ಒಂದಿನ ಪಿತ್ತ ಆಗ್ಯಾದ ಅಂತಿದ್ರಿ. ಇಪ್ಪತ್ತಾರು ವರ್ಷ ನಮ್ಮನಿ ನೀರು ಸೈತ ಕುಡೀಲಿಲ್ಲ. ನಮ್ಮ ಪರ್ವೇಜ್ ಸಣ್ಣಾಂವ ಇದ್ದಾಗ ಕೇಳ್ತಿದ್ದ, ಬಾಯೋರಿಗಿ ದಿನಾ ಯಾಕ ಉಪವಾಸ ಇರ್ತದ ಅಮ್ಮಾ, ಅಂತ. ನಾ ಏನ್ ಹೇಳ್ಲಿ?'

ಹುಳದ ಬೇಳೆಯನ್ನು ಅಧಿಕಾರಿಯ ಮೇಜಿನ ಮೇಲೆ ಇಟ್ಟು ಬಂದ ಹೆಂಗಸಿಗೆ ಮೊದಲು ಬಂದದ್ದು ಸಿಟ್ಟೇ: ಇದು ಬೇರೆ, ಅದು ಬೇರೆ, ಅದು ಮನೆತನದ ಆಚಾರ, ಅತ್ತೆಗೆ ಕೊಟ್ಟ ಮಾತು, ತಾನು ಇವರ ಮಕ್ಕಳಿಗೆ ಅಕ್ಷರ ಕಲಿಸಲಿಲ್ಲವೇ, ತಲೆ ಸವರಲಿಲ್ಲವೇ! ವಾದಗಳು ಸಾಲುಗಟ್ಟಿ ನಿಂತುವು. ಆದರೆ ಜೀವಮಾನವಿಡೀ ಪರರ ನೆಪಗಳನ್ನು ಒಂದೇ ನೋಟಕ್ಕೆ ಗುರುತಿಸಿದ ಕಣ್ಣಿಗೆ ತನ್ನ ನೆಪಗಳು ಕಾಣದೆ ಹೋಗಲಿಲ್ಲ. 'ಆಕಿ ಒಳ್ಳೇದಕ್ಕ' ಎಂದ ಸೊಸೆಯ ಮಾತಿಗೂ, 'ಇವತ್ತ ಏಕಾದಶಿ' ಎಂದ ತನ್ನ ಮಾತಿಗೂ ಒಂದೇ ಮುಖವಿತ್ತು. ಕೋಟಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡರು.

'ತಪ್ಪಾತು, ಜೈನಾಬಿ,' ಎಂದರು ಕೊನೆಗೆ.

'ಹೋಗ್ಲಿ ಬಿಡ್ರಿ. ತಬಸ್ಸುಮ್, ಬಾಯೋರಿಗಿ ಚಹಾ ತಾ' ಎಂದು ಜೈನಾಬಿ ಒಳಕ್ಕೆ ಕೂಗಿ, ಮತ್ತೆ ಅಕ್ಕಿಗೆ ಬಾಗಿದಳು. ಚಹಾ ಬಂತು, ಸಾವಿತ್ರೀಬಾಯಿ ಕುಡಿದರು. ಅತಿಯಾಗಿ ಸಿಹಿಯಾಗಿತ್ತು, ನಾಲಿಗೆ ಸುಟ್ಟಿತು. ಅವರು ಕುಡಿಯುವುದನ್ನು ಜೈನಾಬಿ ನೋಡಲೂ ಇಲ್ಲ. ಅದು ಅವರನ್ನು ಮತ್ತಷ್ಟು ಚುಚ್ಚಿತು.

ತಬಸ್ಸುಮ್ ಪರ್ವೇಜನ ಹೆಂಡತಿ, ಅರ್ಶಿಯಾಳ ತಾಯಿ. ಮಿತಭಾಷಿ, ಎರಡು ವರ್ಷದ ಆಸ್ಪತ್ರೆಯ ಓಡಾಟದಲ್ಲಿ ವೈದ್ಯರಷ್ಟೇ ನಿಖರವಾಗಿ ಮಾತನಾಡಲು ಕಲಿತಿದ್ದಳು. ಶಾಲೆಯಿಂದ ಬಂದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಂಬೆಹಣ್ಣಿನಷ್ಟು ಸಣ್ಣ ಮುಖದ ಆ ಹುಡುಗಿಯ ಎರಡು ಜಡೆ ಬಿಚ್ಚುತ್ತಿದ್ದಾಗ, ಸಾವಿತ್ರೀಬಾಯಿ ಪ್ರಾಯಶ್ಚಿತ್ತದ ಉತ್ಸಾಹದಿಂದ ಘೋಷಿಸಿದರು: 'ಮುಂದಿನ ಐತವಾರ ನೀವೆಲ್ಲಾ ಬರಬೇಕು. ನಮ್ಮನ್ಯಾಗ ಕೇಕಽ ಇಡಂಗಿಲ್ಲ. ಸಿಹಿ ಅನ್ನೋದು ಯಾರಿಗೂ ಇಲ್ಲ!'

ಅರ್ಶಿಯಾ ತಲೆ ಎತ್ತಿದಳು. 'ಕೇಕ್ ಇರಲ್ಲಾ? ಮತ್ತ ನಾ ಯಾಕ ಬರ್ಲಿ?'

ತಬಸ್ಸುಮ್ ನಗು ತಡೆದುಕೊಂಡಳು. 'ಈಕಿ ಸಲುವಾಗಿ ಕೇಕ್ ಇಲ್ಲದಂಗಾತು ಅಂತ ಎಲ್ಲಾ ಹುಡುಗರು ಈಕಿನ್ನ ನೋಡ್ತಾರ್ರೀ, ಬಾಯೋರೆ. ಅದು ಬ್ಯಾಡ. ಈಕಿ ಸ್ವಲ್ಪ ಕೇಕ್ ತಿಂತಾಳ. ಏನು ತಿಂತಾಳ, ಎಷ್ಟು ತಿಂತಾಳ ಅಂತ ನನಗ ಗೊತ್ತಾದ್ರ ಸಾಕು, ಅದಕ್ಕ ಸರಿಯಾಗಿ ಇಂಜೆಕ್ಷನ್ ಕೊಡ್ತೀನಿ. ಹೋದ ವರ್ಷ ಸಿಹಿ ತಿಂದು ಬಿದ್ದಿದ್ದಲ್ಲ. ಐದಕ್ಕ ತಿನಿಸು ಅಂದಿದ್ರು, ನಾ ಐದಕ್ಕ ಇಂಜೆಕ್ಷನ್ ಕೊಟ್ಟೆ. ಡಾನ್ಸು, ಫೋಟೋ, ಅವರು ಬರ್ಲಿ ಇವರು ಬರ್ಲಿ ಅಂತ ಏಳಾದ್ರೂ ತಾಟ ಬರ್ಲಿಲ್ಲ. ಔಷಧ ಒಳಗ ಹೋಗ್ಯಾದ, ಹೊಟ್ಟ್ಯಾಗ ಏನೂ ಇಲ್ಲ, ರಕ್ತದಾಗಿನ ಸಕ್ಕರಿ ಪೂರಾ ಇಳೀತು. ಮೂರು ಸಲ ಕೇಳ್ದೆ. ಕೇಕ್ ಕಟ್ ಆಗದ ಹ್ಯಾಂಗ ಕೊಡೋದು ಅಂದ್ರು. ಕಡೀಕ ನನ್ನ ಪರ್ಸಿನ್ಯಾಗಿನ ಗ್ಲೂಕೋಸ್ ಬಾಯಾಗ ಹಾಕ್ದೆ.'

'ಅಂದ್ರ, ಹಸಿವಿಗಿ ಬಿದ್ದದ್ದು ಮಗು!' ಎಂದರು ಸಾವಿತ್ರೀಬಾಯಿ. 'ಹಸಿವಿಗಿ ಕೆಡವಿದವರು ಸಕ್ಕರಿಗಿ ಹೆಸರಿಟ್ರು!'

ಆ ಕೋಪಕ್ಕೆ ಈಗ ಒಂದು ಖಚಿತ ಗುರಿ ಸಿಕ್ಕಿತ್ತು. ಬಸ್ಸಿನಲ್ಲಿ ಬರುವಾಗ ಇದ್ದ ವಾಗ್ಮಿತೆ ಅದರಲ್ಲಿರಲಿಲ್ಲ.

ಮನೆಗೆ ಬಂದು ಸೊಸೆಗೆ ಎಲ್ಲವನ್ನೂ ಹೇಳಿದರು, ತಮ್ಮ ಚಹಾದ ವಿಷಯವನ್ನೂ ಸೇರಿಸಿ. ಪದ್ಮಜಾ ಫೋನು ತೆಗೆದು, ಗ್ರೂಪಿನಲ್ಲಿ ತಾನೇ ಬರೆದಳು: ಅರ್ಶಿಯಾ ಬರುತ್ತಾಳೆ, ಅವಳ ತಾಯಿಯೂ ಇರುತ್ತಾರೆ, ತಿನಿಸು ಐದಕ್ಕೆ ಸರಿಯಾಗಿ. ಎರಡು ದಿನದಲ್ಲಿ ಏಳು ತಾಯಂದಿರಿಗೆ ಏಳು ಬಗೆಯ ಅಡಚಣೆಗಳು ಒದಗಿದವು. ಒಬ್ಬಳಿಗೆ ಬೀದರಿನಲ್ಲಿ ಮದುವೆ, ಇನ್ನೊಬ್ಬಳ ಮಗನಿಗೆ ಭಾನುವಾರವೇ ಬರಲಿರುವ ಕೆಮ್ಮು. ಎಂಟನೆಯವಳೊಬ್ಬಳು ಮಾತ್ರ ಪ್ರಾಮಾಣಿಕಳಾಗಿ ಫೋನು ಮಾಡಿ, ಎಲ್ಲರೆದುರು ಸೂಜಿ ಚುಚ್ಚಿದರೆ ತನ್ನ ಮಗ ಹೆದರುತ್ತಾನೆಂದಳು. ಸಾವಿತ್ರೀಬಾಯಿ ಫೋನು ಇಸಿದುಕೊಂಡರು.

'ಮಗ ಹೆದರ್ತಾನೋ ತಾವು ಹೆದರ್ತೀರೋ? ಮಗನ್ನ ಕಳಸ್ರಿ, ನೋಡೋಣು. ತಾವು ಹೆದರ್ತಿದ್ರ ತಾವು ಬರಬ್ಯಾಡ್ರಿ.'

ಆ ಹುಡುಗ ಬಂದ. ಹೆಸರು ಅತುಲ.

ಭಾನುವಾರ ಮಧ್ಯಾಹ್ನ ಮೂರಕ್ಕೆ ತಬಸ್ಸುಮ್ ಮಗಳೊಂದಿಗೆ, ಒಂದು ಅಂಗೈಯಗಲದ ತೂಕದ ಯಂತ್ರದೊಂದಿಗೆ ಬಂದಳು. ಒಂದು ಥಾಲಿಪೀಠ ಎಷ್ಟು ತೂಗುತ್ತದೆಂದು ನೋಡಬೇಕಿತ್ತು. ಅಡುಗೆಮನೆಯ ಹೊಸ್ತಿಲ ಬಳಿ ಬಂದು ನಿಂತುಬಿಟ್ಟಳು. ಒಳಗೆ, ಒಲೆಯ ಪಕ್ಕದ ಗೂಡಿನಲ್ಲಿ, ದೇವರು. ಮನೆತನದ ನಾಲ್ಕು ತಲೆಮಾರು ಹಳೆಯ ಸಾಲಿಗ್ರಾಮ. ಯಂತ್ರವನ್ನು ಕೈನೀಡಿ ಒಳಕ್ಕೆ ಕೊಡಹೋದಳು. ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳದೆಯೇ ತಿಳಿದುಕೊಂಡಿರುವವರ ಆ ಸೌಜನ್ಯ ಕಂಡು ಸಾವಿತ್ರೀಬಾಯಿಯವರ ಮೈ ಉರಿಯಿತು.

'ಒಳಗ ಬಾ, ತಂಗಿ.'

ಅಂದದ್ದೇನೋ ಅಂದರು. ತಬಸ್ಸುಮಳ ಕಾಲು ಹೊಸ್ತಿಲು ದಾಟಿದಾಗ ಅವರ ಎದೆ ಒಮ್ಮೆ ಹಿಡಿದುಕೊಂಡಿತು. ಅತ್ತೆಯ ಮುಖ, ತಾಯಿಯ ಮುಖ ಕಣ್ಣಮುಂದೆ ಹಾದುಹೋದವು. ಅರವತ್ತೆಂಟು ವರ್ಷದ ಮೈಗೆ ಬುದ್ಧಿ ಹೇಳಿದ ವೇಗದಲ್ಲಿ ಬದಲಾಗಲು ಬರುವುದಿಲ್ಲ. ಹಾಗೆ ಹಿಡಿದುಕೊಂಡದ್ದಕ್ಕೆ ತಮ್ಮ ಮೇಲೆಯೇ ಸಿಟ್ಟಾಗಿ, ಹಿಟ್ಟನ್ನು ಅಗತ್ಯಕ್ಕಿಂತ ಜೋರಾಗಿ ತಟ್ಟಿದರು. ಮೊದಲ ಥಾಲಿಪೀಠ ಹರಿಯಿತು. ಎರಡನೆಯದು ಸರಿಯಾಗಿ ಬಂತು. ತಬಸ್ಸುಮ್ ಅದನ್ನು ತೂಗಿ, 'ಎಲ್ಲಾ ಇಷ್ಟಽ ದೊಡ್ಡೂ ಮಾಡ್ರಿ' ಎಂದಳು.

ಹನ್ನೆರಡು ಮಕ್ಕಳು ಬಂದರು, ಅರ್ಶಿಯಾ ಹದಿಮೂರನೆಯವಳು. ನಾಲ್ಕಕ್ಕೆ ಸುಮಂತ ಕೇಕು ತರಲು ಜಗತ್ ಸರ್ಕಲಿನ ಕಡೆಗೆ ಹೋಗಿದ್ದ. ನಾಲ್ಕೂ ನಲವತ್ತೈದಕ್ಕೆ, ತಾಟುಗಳು ಸಾಲಾಗಿ ಸಿದ್ಧವಾಗಿರುವುದನ್ನು ನೋಡಿ, ತಬಸ್ಸುಮ್ ಮಗಳಿಗೆ ಇಂಜೆಕ್ಷನ್ ಕೊಟ್ಟಳು. ನಾಲ್ಕೂ ಐವತ್ತೈದಕ್ಕೆ ಸುಮಂತನ ಫೋನು ಬಂತು: ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ, ಇನ್ನೂ ಅರ್ಧ ತಾಸಾದರೂ ಬೇಕು.

ಮಕ್ಕಳನ್ನು ಬಿಡಲು ಬಂದು ಕುಳಿತಿದ್ದ ಮೂವರು ತಾಯಂದಿರಲ್ಲಿ ಒಬ್ಬಳು, 'ಅರ್ಧಾ ತಾಸು ತಾನೇ, ಕಾಯೋಣು. ಅಲ್ಲೀತನಕ ಮಕ್ಕಳು ಕುಣೀಲಿ' ಎಂದಳು. ಪದ್ಮಜಾ ಅತ್ತೆಯ ಕಡೆ ನೋಡಿದಳು. ತಬಸ್ಸುಮಳ ಕೈ ಸದ್ದಿಲ್ಲದೆ ಪರ್ಸಿನೊಳಗೆ ಹೋಯಿತು. ಹಿಂದೊಮ್ಮೆ ಮೂರು ಸಲ ಕೇಳಿ ಸೋತವಳು ಈಗ ಕೇಳುವ ಗೊಡವೆಗೇ ಹೋಗಲಿಲ್ಲ.

ಸಾವಿತ್ರೀಬಾಯಿ ಗೋಡೆಯ ಗಡಿಯಾರ ನೋಡಿ, ಸೆರಗು ಸಿಕ್ಕಿಸಿಕೊಂಡರು. 'ಪಂಕ್ತಿ ಹಾಕು, ಪದ್ಮಜಾ.'

'ಅಯ್ಯ, ಕೇಕ್ ಕಟ್ ಮಾಡದ ಹ್ಯಾಂಗ್ರಿ ಊಟಾ?' ಎಂದಳು ಆ ತಾಯಿ. 'ಅಪಶಕುನ ಅಲ್ಲೇನ್ರಿ?'

'ನಮ್ಮ ಮನಿತನದಾಗ ನೂರಾರು ಹುಟ್ಟುಹಬ್ಬ ಕೇಕ್ ಇಲ್ಲದ ಆಗ್ಯಾವ್ರಿ. ಹಸದ ಕೂಸಿನ್ನ ಕೂಡ್ರಿಸಿಕೊಂಡು ಹಾದಿ ಕಾಯೋದು ಯಾವ ಶಕುನ, ತಾವಽ ಹೇಳ್ರಿ.'

ಐದು ಹೊಡೆಯುವುದಕ್ಕೂ ಪ್ರೇರಣಾಳದೂ ಸೇರಿ ಹದಿನಾಲ್ಕು ತಾಟುಗಳಲ್ಲಿ ಬಿಸಿ ಥಾಲಿಪೀಠದ ಮೇಲೆ ಬೆಣ್ಣೆ ಕರಗುವುದಕ್ಕೂ ಸರಿಹೋಯಿತು. ಅರ್ಶಿಯಾ ಪ್ರೇರಣಾಳ ಪಕ್ಕದಲ್ಲಿ ಕುಳಿತು, ಎಲ್ಲರಿಗೂ ಬಡಿಸಿದ್ದನ್ನೇ ತಿಂದಳು. ತಬಸ್ಸುಮ್ ಪರ್ಸನ್ನು ಮುಚ್ಚಿ, ಅಂದು ಮೊದಲ ಬಾರಿಗೆ ಗೋಡೆಗೆ ಬೆನ್ನು ಆನಿಸಿ ಕುಳಿತಳು.

ಐದೂ ಮುಕ್ಕಾಲಿಗೆ ಸುಮಂತ ಬೆವರುತ್ತ ಕೇಕು ತಂದ. ಒಂದು ಮೂಲೆ ಡಬ್ಬಿಗೆ ಅಂಟಿ ಜಜ್ಜಿಹೋಗಿತ್ತು. ತಬಸ್ಸುಮ್ ಒಂದು ಸಣ್ಣ ತುಂಡು ಕತ್ತರಿಸಿಕೊಂಡು ತೂಗಿ, ಪೆನ್ನಿನಂಥ ಇಂಜೆಕ್ಷನ್ ತೆಗೆದಳು. ಮಕ್ಕಳು ಹಾಡು ಬಿಟ್ಟು ಸುತ್ತ ನೆರೆದರು. ಹೆದರುತ್ತಾನೆಂದು ತಾಯಿ ಹೇಳಿದ್ದ ಅತುಲ ಎಲ್ಲರಿಗಿಂತ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಕೇಳಿದ:

'ನೋಯ್ತದೇನು?'

'ನಿನಗಾದ್ರ ನೋಯ್ತದ,' ಎಂದಳು ಅರ್ಶಿಯಾ ಗಂಭೀರವಾಗಿ.

ಈ ವೃತ್ತಾಂತದಿಂದ ಲೋಕವೇನೂ ತಿದ್ದಿಹೋಗಲಿಲ್ಲ. ಮರುತಿಂಗಳು ಅದೇ ತರಗತಿಯ ಇನ್ನೊಂದು ಮಗುವಿನ ಹುಟ್ಟುಹಬ್ಬ ದೊಡ್ಡ ಪಾರ್ಟಿ ಹಾಲ್‌ನಲ್ಲಿ ನಡೆಯಿತು. ಅರ್ಶಿಯಾಳಿಗೆ ಕರೆ ಬರಲಿಲ್ಲ. ಈ ಸಲ ಪ್ರೇರಣಾಳಿಗೂ ಬರಲಿಲ್ಲ. ಮಗು ಅತ್ತಿತು. ಪದ್ಮಜಾ, 'ನಮಗ ಯಾಕ ಬೇಕಿತ್ತು' ಎನ್ನುವ ಮಾತನ್ನು ಅರ್ಧಕ್ಕೆ ನುಂಗಿದಳು. ಸಾವಿತ್ರೀಬಾಯಿ ಆ ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಕಮಲಾಪುರದ ಬಸ್ಸು ಹತ್ತಿದರು. ಮಕ್ಕಳಿಬ್ಬರೂ ಪರ್ವೇಜನ ತೋಟದಲ್ಲಿ ಸಂಜೆಯವರೆಗೆ ಆಡಿದರು. ಮುದುಕಿಯರಿಬ್ಬರೂ ಅಂಗಳದಲ್ಲಿ ಕುಳಿತಿದ್ದರು, ಹೆಚ್ಚು ಮಾತಿಲ್ಲದೆ. ಸಲುಗೆ ಇನ್ನೂ ಹುಟ್ಟಿರಲಿಲ್ಲ. ಅದು ಹುಟ್ಟಲು ಬೇಕಾದಷ್ಟು ವರ್ಷಗಳು ಇಬ್ಬರ ಬಳಿಯೂ ಇವೆಯೋ ಇಲ್ಲವೋ, ಹೇಳಬರುವಂತಿಲ್ಲ.

ಇಂಥವರು ಪ್ರತಿ ಓಣಿಯಲ್ಲೂ ಒಬ್ಬರಾದರೂ ಇರುತ್ತಾರೆ. ನಾವು ಅವರನ್ನು ಜಗಳಗಂಟಿಯರೆನ್ನುತ್ತೇವೆ, ಎದುರು ಬಂದರೆ ದಾರಿ ಬದಲಿಸುತ್ತೇವೆ; ಅವರ ಹಳೆಯ ತಪ್ಪೊಂದು ಬಯಲಾದರೆ ಒಳಗೊಳಗೇ ಹಿಗ್ಗಿ, ಇನ್ನಾದರೂ ಸುಮ್ಮನಾದಾರೆಂದು ಆಶಿಸುತ್ತೇವೆ. ನಮ್ಮಂಥವರು ಹಾಗೆ ಸುಮ್ಮನಾಗುವವರೇ. ನಮ್ಮ ಕೈಯೂ ಶುದ್ಧವಲ್ಲವೆಂದು ತಿಳಿದೊಡನೆ, ಪರರಿಗೆ ಹೇಳಲು ನಾವಾರೆಂದು ವಿನಯದಿಂದ ಮನೆ ಸೇರಿಕೊಳ್ಳುತ್ತೇವೆ, ಆ ವಿನಯದ ನೆರಳಿನಲ್ಲಿ ಅನ್ಯಾಯ ತಂಪಾಗಿ ಕುಳಿತಿರುತ್ತದೆ. ಈ ಕೋಪಿಷ್ಠರಿಗೆ ಆ ನೆಮ್ಮದಿ ಒಗ್ಗುವುದಿಲ್ಲ. ತಮ್ಮ ತಪ್ಪು ಕಂಡ ಮೇಲೂ ಅವರು ದನಿ ತಗ್ಗಿಸುವುದಿಲ್ಲ. ಬೈಯಬೇಕಾದವರ ಯಾದಿಯಲ್ಲಿ ತಮ್ಮ ಹೆಸರನ್ನೂ ಬರೆದುಕೊಂಡು, ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ.